ಡಯಾಕ್ಸಿನ್‌ಗೆ ಒನ್ಸ್ ಮೋರ್

ನಮ್ಮಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಗುಬ್ಬಿಯಿಂದ ತುಮಕೂರಿಗೆ, ತುಮಕೂರಿನಿಂದ ಕುಣಿಗಲ್ಲಿಗೆ ಸೀಟಿ ಊದಿಕೊಂಡು ಓಡಾಡಿಯೇ ನಿವೃತ್ತರಾದರು. ಆದರೆ ಯಾರಾದರೂ ‘ಏನ್ ಕೆಲಸದಲ್ಲಿದ್ರಿ ಸಾರ್’ ಎಂದು ಕೇಳಿದರೆ ತಡವರಿಸದೆ ‘ಕಲಾವಿದ’ ಅನ್ನುತ್ತಾರೆ. ಕೇಳಿದವರು ಗೌರವದಿಂದ ‘ಯಾವ ಪಾತ್ರ ಮಾಡ್ತಿದ್ರಿ’ ಎಂದು ಮುಂದುವರಿದಾಗ ಮಾತ್ರ ಅವರಿಗೆ ಕೆಮ್ಮು ಬರುತ್ತದೆ. ಯಾಕೆಂದರೆ ಅಪ್ಪ ಆಯುಷ್ಯವಿಡೀ ಮಾಡಿದ್ದು ದೂತನ ಪಾತ್ರ ಒಂದೇ.

ನಮ್ಮ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಎಷ್ಟು ಅಂತ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಪರದೆಗಳನ್ನು ಬಾಡಿಗೆಗೆ ತಂದು, ಡೈರಿಯವನು, ಮೇಸ್ತ್ರಿ, ಬೀಡಾ ಅಂಗಡಿಯವನು ಎಲ್ಲರೂ ಕಿರೀಟ ಇಟ್ಟುಕೊಂಡು ಹಾಡುತ್ತಾರೆ. ಹಾಡು ಹಿಡಿಸಿದರೆ ಜನ ‘ಒನ್ಸ್ ಮೋರ್’ ಅಂತ ಕೂಗಬೇಕು. ಕೂಗಿದರೆ ಪಾತ್ರಧಾರಿ ಅದೇ ಹಾಡನ್ನು ಮತ್ತೆ ಹಾಡಲೇಬೇಕು. ಅವನು ಆಗಷ್ಟೇ ಬಾಣ ತಗುಲಿ ಸತ್ತುಬಿದ್ದಿದ್ದರೂ ಸರಿ, ಎದ್ದು, ಮೈ ಕೊಡವಿಕೊಂಡು, ಹಾಡಿ, ಮತ್ತೆ ಸಾಯಬೇಕು. ಹೀಗೆ ನಾಲ್ಕೈದು ಸಲ ಸತ್ತವರನ್ನೆಲ್ಲ ನೋಡಿದ್ದೇವೆ. ಯಾರೂ ಅದನ್ನು ವಿಚಿತ್ರ ಅಂದುಕೊಂಡಿಲ್ಲ.

ದೂತನಿಗೆ ಹಾಡಿಲ್ಲ. ಅವನು ಬಂದು, ಬಗ್ಗಿ, ‘ಪ್ರಭು, ಬಾಗಿಲಲ್ಲಿ ಯಾರೋ ಬಂದಿದ್ದಾರೆ’ ಅಂದು ಹಿಂದೆ ಹಿಂದೆಯೇ ನಡೆದು ಹೋಗಬೇಕು. ಅಪ್ಪನ ದನಿ ಬಸ್ಸಿನಲ್ಲಿ ಕೂಗಿ ಕೂಗಿ ಸೀಳಿತ್ತು, ಯಾವ ಮೇಷ್ಟ್ರೂ ಅವರಿಗೆ ಹಾಡು ಕೊಡುತ್ತಿರಲಿಲ್ಲ. ಒಂದೇ ಒಂದು ಒನ್ಸ್ ಮೋರ್, ಜೀವನದಲ್ಲಿ ಒಂದು ಸಲ ಸಾಕು ಅನ್ನುವುದು ಅವರ ಆಸೆ. ಇದನ್ನು ಅವರು ಊಟಕ್ಕೆ ಕೂತಾಗ, ಷೇವ್ ಮಾಡಿಕೊಳ್ಳುವಾಗ, ಬೇರೆಯವರ ಮದುವೆ ಮಂಟಪದಲ್ಲಿ, ಎಲ್ಲೆಂದರಲ್ಲಿ ಹೇಳುತ್ತಿದ್ದರು.

ಅಮ್ಮನದು ಇನ್ನೊಂದು ಲೆಕ್ಕಾಚಾರ. ನಾಟಕಕ್ಕೆ ಚಾಪೆ ಹಿಡಿದುಕೊಂಡು ನಮ್ಮನ್ನೆಲ್ಲ ಕರೆದುಕೊಂಡು ಬರುವಳು. ಅಪ್ಪ ಬಂದು ತನ್ನ ಒಂದು ಸಾಲು ಹೇಳಿ ಹಿಂದೆ ಸರಿಯುತ್ತಿದ್ದಂತೆ, ‘ನಿಮ್ಮಪ್ಪಂದು ಮುಗೀತು, ಏಳ್ರೇ’ ಅಂದು ಚಾಪೆ ಸುತ್ತುವಳು. ಹೀಗಾಗಿ ನಾನು ಇಷ್ಟು ನಾಟಕ ನೋಡಿದ್ದರೂ ಒಂದರ ಕೊನೆಯನ್ನೂ ನೋಡಿದವಳಲ್ಲ. ಕೊನೆಯಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದನ್ನು ನಾನು ಸ್ಕೂಲಿನ ಪುಸ್ತಕದಲ್ಲಿ ಓದಿ ತಿಳಿದುಕೊಂಡೆ.

ಇಂಥವರ ಮಗಳಾದ ನಾನು ಕೆಮಿಸ್ಟ್ರಿ ಓದಿ, ವಸಂತನರಸಾಪುರದ ಕಡೆ ಒಂದು ಕಸ ಸುಡುವ ಘಟಕದ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಆಸ್ಪತ್ರೆಗಳ ಕಸ ಅಲ್ಲಿಗೆ ಬರುತ್ತದೆ. ಹಳದಿ ಚೀಲಗಳು ಒಲೆಗೆ ಹೋಗುತ್ತವೆ. ಸುಟ್ಟ ಹೊಗೆ ಚಿಮಣಿಯಿಂದ ಹೊರಗೆ ಬೀಳುವ ಮೊದಲು ಅದರಲ್ಲಿ ಏನೇನು ಎಷ್ಟೆಷ್ಟಿದೆ, ಅದು ಕಾನೂನಿನ ಮಿತಿಯೊಳಗೆ ಇದೆಯೇ ಅಂತ ನೋಡುವುದು ನನ್ನ ಹೊಟ್ಟೆಪಾಡು. ತುಮಕೂರಿನಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಂಡಿದ್ದೆ. ಗುಬ್ಬಿಯಿಂದ ಅಪ್ಪ ಅಮ್ಮ ಆಗಾಗ ಬಂದು ಹೋಗುತ್ತಿದ್ದರು.

ಮೊದಮೊದಲು ಆ ಮಿತಿಗಳು ನನಗೇ ಸರಿಯಾಗಿ ತಲೆಗೆ ಹತ್ತಿರಲಿಲ್ಲ. ಧೂಳು ಇಷ್ಟು, ಆಮ್ಲ ಇಷ್ಟು ಅನ್ನುವುದೇನೋ ಸರಿ. ಆದರೆ ಪ್ರತಿ ಸಾಲಿನ ಕೆಳಗೂ ‘ಹನ್ನೊಂದು ಪರ್ಸೆಂಟ್ ಆಮ್ಲಜನಕಕ್ಕೆ ಸರಿಹೊಂದಿಸಿ’ ಅಂತ ಬರೆದಿರುತ್ತದಲ್ಲ, ಅದು ಯಾಕೆ ಅಂತ ಬಾಯಿಪಾಠ ಬರುತ್ತಿತ್ತೇ ಹೊರತು ಅರ್ಥ ಆಗಿರಲಿಲ್ಲ. ಅಮ್ಮ ಬಂದಿದ್ದ ಒಂದು ಭಾನುವಾರ ಅಡುಗೆಮನೆಯಲ್ಲಿ ಅದನ್ನೇ ಗೊಣಗಿಕೊಳ್ಳುತ್ತ ಕೂತಿದ್ದೆ. ಆ ಹೊತ್ತಿಗೆ ಸರಿಯಾಗಿ ಕುಣಿಗಲ್ಲಿನಿಂದ ಸೋದರಮಾವನ ಮನೆಯವರು ಹೇಳದೆ ಕೇಳದೆ ಬಂದಿಳಿದರು. ಅಮ್ಮ ಸಾರಿನ ಪಾತ್ರೆಗೆ ಒಂದು ಚೊಂಬು ನೀರು ಸುರಿದಳು.

ನಾನು ಎದ್ದು ನಿಂತು ಕುಣಿಯುವುದೊಂದು ಬಾಕಿ. ‘ಇದೇ ಕಣಮ್ಮ ಇದೇ. ಫ್ಯಾನ್ ಹಾಕಿ ಹೊಗೆಗೆ ಸುಮ್ಮನೆ ಗಾಳಿ ಬೆರೆಸಿದ್ರೆ ವಿಷ ತೆಳ್ಳಗೆ ಕಾಣುತ್ತೆ. ಆದ್ರೆ ವಿಷ ಅಷ್ಟೇ ಇರುತ್ತೆ. ಎಷ್ಟು ಗಾಳಿ ಬೆರೆಸಿದ್ದಾರೆ ಅಂತ ಆಮ್ಲಜನಕ ನೋಡಿ ಕಂಡುಹಿಡಿದು, ಬೆರೆಸಿದ್ದನ್ನು ಲೆಕ್ಕದಿಂದ ತೆಗೆದುಹಾಕಿ, ಆಮೇಲೆ ಅಳೀತಾರೆ.’

‘ಅಂದ್ರೆ ನಿಮ್ ಕಾನೂನು ಸಾರಿಗೆ ನೀರು ಬೆರ್ಸಿದ್ನ ಹಿಡಿದುಬಿಡ್ತದೆ ಅನ್ನು,’ ಅಂದಳು ಅಮ್ಮ. ‘ಸದ್ಯ, ನಿಮ್ಮತ್ತೆ ಮುಂದೆ ಬಾಯಿ ಬಿಡಬೇಡ.’

ಅತ್ತೆ ಆ ದಿನ ಸಾರನ್ನು ಎರಡು ಸಲ ಹಾಕಿಸಿಕೊಂಡರು. ನನಗೆ ಊಟ ಮಾಡುವಾಗಲೂ ನಗು ತಡೆಯಲಾಗುತ್ತಿರಲಿಲ್ಲ.

ಹೀಗಿರುವಾಗ ಘಟಕದ ಪಕ್ಕದ ಹಳ್ಳಿಯವರು, ಕೋರದ ಕಡೆಯದೇ ಒಂದು ಸಣ್ಣ ಊರು, ‘ನಿಮ್ಮ ಗೇಟಿನ ಮೇಲೆ ಕೆಂಪು ಅಕ್ಷರದ ಬೋರ್ಡು ಏನೇನೋ ನಂಬರು ತೋರಿಸ್ತದಲ್ಲ, ಅದೇನು ಅಂತ ಬಂದು ಹೇಳಿ’ ಎಂದು ಕೇಳಿದರು. ನ್ಯಾಯವಾದ ಮಾತು. ನಮ್ಮ ಮ್ಯಾನೇಜರು ಬೆಂಗಳೂರಿನವರು, ಅವರು ‘ನಿಮ್ಮ ಕಡೆಯ ಭಾಷೆ ನಿಮಗೇ ಚೆನ್ನಾಗಿ ಬರುತ್ತೆ’ ಅಂದು ನನ್ನನ್ನು ತಳ್ಳಿದರು. ನಾನು ಲ್ಯಾಪ್‌ಟಾಪು, ಪ್ರೊಜೆಕ್ಟರು ಹೊತ್ತುಕೊಂಡು ಹೋಗಿ ಹಳ್ಳಿಯ ಸಮುದಾಯ ಭವನದಲ್ಲಿ ಮಾತು ಶುರು ಮಾಡಿದೆ. ಮಿಲಿಗ್ರಾಂ ಅನ್ನುವ ಹೊತ್ತಿಗೆ ಹಿಂದಿನ ಸಾಲು ಎದ್ದು ಹೋಯಿತು. ನ್ಯಾನೋಗ್ರಾಂ ಅನ್ನುವ ಹೊತ್ತಿಗೆ ಕರೆಂಟೇ ಹೋಯಿತು.

ಕತ್ತಲಲ್ಲಿ ಉಳಿದವರು ಆ ಊರಿನ ಯಜಮಾನರೊಬ್ಬರೇ. ಹಲ್ಲು ಪೂರಾ ಬಿದ್ದಿದೆ, ನಾಲಿಗೆ ಮಾತ್ರ ಚೂರಿ. ಆ ಊರಿನ ನಾಟಕಗಳಲ್ಲಿ ಮೊದಲ ಒನ್ಸ್ ಮೋರ್ ಅವರೇ ಕೂಗಬೇಕು, ಅವರು ಕೂಗದೆ ಬೇರೆಯವರು ಬಾಯಿ ಬಿಡುವಂತಿಲ್ಲ ಅನ್ನುವ ಪದ್ಧತಿ ಇದೆ ಅಂತ ಆಮೇಲೆ ಗೊತ್ತಾಯಿತು.

‘ಮೇಡಮ್ಮೋರೆ, ನೀವು ಹೇಳಿದ್ದು ಒಂದೂ ತಲೆಗೆ ಹೋಗ್ಲಿಲ್ಲ ಕಣ್ರವ್ವ,’ ಅಂದರು. ‘ನಾಟ್ಕ ಮಾಡ್ಸಿ. ಯಾರು ಒಳ್ಳೇವ್ನು, ಯಾರು ಕೆಟ್ಟೋನು, ಯಾರು ಯಾರನ್ನ ಹೊಡೀತಾನೆ ಅಂತ ತೋರ್ಸಿ. ಕೂತ್ಕೊಂಡು ನೋಡ್ತೀವಿ. ಆದ್ರೆ ನಿಮ್ ಕಂಪ್ನಿನ ದೇವ್ರು ಅಂತ ತೋರ್ಸಿದ್ರೋ, ಚಪ್ಲಿ ಹಾರ್ತವೆ.’

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಹಾಗಾಗಿ ನಾಟಕವೇ ಗಟ್ಟಿಯಾಯಿತು. ಮ್ಯಾನೇಜರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಹಗಲಲ್ಲಿ ಮಾಡಿ, ಸೇಫ್ಟಿ ಮುಖ್ಯ’ ಅಂದರು. ಹಗಲು ನಾಟಕ ಅನ್ನುವುದನ್ನು ಕೇಳಿ ಊರವರಿಗೆ ಹೊಸ ಮದುಮಗ ಹೆಲ್ಮೆಟ್ ಹಾಕಿಕೊಂಡು ಬಂದಷ್ಟು ಬೇಸರವಾಯಿತು. ಆದರೂ ಒಪ್ಪಿಕೊಂಡರು.

ಕುಣಿಗಲ್ಲಿನಿಂದ ಹಾರ್ಮೋನಿಯಂ ಮೇಷ್ಟ್ರು ಬಂದರು. ಬಾಯಲ್ಲಿ ಎಲೆಯಡಿಕೆ, ಹೆಗಲ ಮೇಲೆ ಶಾಲು. ನಾನು ಅವರಿಗೆ ಕಥೆ ಹೇಳಿದೆ. ಒಲೆಯಲ್ಲಿ ಎರಡು ಕೋಣೆ. ಮೊದಲನೆಯದರಲ್ಲಿ ಕಸ ಸುಡುತ್ತದೆ, ಎರಡನೆಯದರಲ್ಲಿ ಅದರ ಹೊಗೆಯೇ ಇನ್ನೊಮ್ಮೆ ಸುಡುತ್ತದೆ. ಅಲ್ಲಿ ಸಾವಿರದ ಮೇಲೆ ಐವತ್ತು ಡಿಗ್ರಿಯ ಆಸುಪಾಸು ಕಾವು ಇರಬೇಕು, ಹೊಗೆ ಅಲ್ಲಿ ಕಡಿಮೆ ಅಂದರೂ ಎರಡು ಸೆಕೆಂಡ್ ನಿಲ್ಲಬೇಕು. ಕ್ಲೋರಿನ್ ಇರುವ ಪ್ಲಾಸ್ಟಿಕ್ಕು ಅರೆಬರೆ ಬೆಂದರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಅವನೇ ಖಳ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಮಾಡಿದರೆ ಬರುವಷ್ಟು, ಅದಕ್ಕಿಂತ ಹೆಚ್ಚು ಅವನು ಒಂದು ಘನ ಮೀಟರ್ ಹೊಗೆಯಲ್ಲಿ ಇರಕೂಡದು.

ಮೇಷ್ಟ್ರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ‘ಅಷ್ಟು ಸಣ್ಣವ್ನಿಗೆ ಇಷ್ಟು ದೊಡ್ಡ ಕಾನೂನಾ? ಹಂಗಾದ್ರೆ ಅವನೇ ಕಣಮ್ಮ ಮೇನ್ ಪಾತ್ರ. ಅವ್ನಿಗೆ ಮೂರು ಹಾಡು ಇಡ್ತೀನಿ.’

ಖಳನನ್ನು ಸುಡುವ ಬೆಂಕಿರಾಯನ ಪಾತ್ರ ಡೈರಿ ಕಾರ್ಯದರ್ಶಿ ತೆಗೆದುಕೊಂಡರು, ಆಳು ಎತ್ತರ, ಮೀಸೆಯೂ ಇತ್ತು. ಸುಟ್ಟ ಹೊಗೆಯನ್ನು ಆರಿಸುವ ತಣ್ಣೀರಿನ ಪಾತ್ರಕ್ಕೆ ಊರಿನ ವೈರಿಂಗ್ ಕೆಲಸದವನು. ಆದರೆ ಡಯಾಕ್ಸಿನ್ ಆಗಲು ಆ ಊರಿನಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಆಸ್ಪತ್ರೆ ಕಸದಿಂದ ಹುಟ್ಟಿದವನ ಪಾತ್ರ ಮಾಡಿದರೆ ಹೆಣ್ಣು ಕೊಡುವವರು ಏನಂದಾರು ಅನ್ನುವ ಯೋಚನೆ. ನಾನು ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳುತ್ತಿದ್ದೆ, ಅಷ್ಟೇ. ಪಕ್ಕದಲ್ಲಿ ಯಾರೋ ತಟ್ಟೆ ಬೀಳಿಸಿದ ಸದ್ದು ಕೇಳಿಸಿತು. ಮಾರನೆಯ ದಿನ ಬೆಳಿಗ್ಗೆ ಅಪ್ಪ ನನ್ನ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದರು. ಮೀಸೆಗೆ ಆಗಲೇ ಕಪ್ಪು ಬಳಿದಾಗಿತ್ತು.

‘ಹಾಡು ಎಷ್ಟು?’ ಅಂದರು. ಹೆಂಗಿದೀಯ ಮಗಳೇ ಅಂತಲೂ ಕೇಳಲಿಲ್ಲ.

‘ಮೂರು ಅಪ್ಪ.’

ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹಿಂದಿನಿಂದ ಚಾಪೆ ಹಿಡಿದುಕೊಂಡು ಬಂದ ಅಮ್ಮ, ‘ಏಳ್ರಿ, ದಾರಿ ಬಿಡಿ, ನಾನು ಒಳಕ್ಕೆ ಹೋಗ್ಬೇಕು’ ಅಂದಳು.

ಮೇಷ್ಟ್ರಿಗೆ ಅಪ್ಪನ ದನಿ ಕೇಳಿ ಹಿಗ್ಗೋ ಹಿಗ್ಗು. ‘ವಿಷ ಅಂದ್ರೆ ಹಿಂಗೇ ಇರ್ಬೇಕು, ಕೊರಕೊರ ಅಂತಾ. ಈ ಗಂಟ್ಲು ಎಲ್ಲಿಟ್ಟಿದ್ರಿ ಇಷ್ಟು ದಿನ’ ಅಂದರು. ಅಪ್ಪ ಮೂರು ದಿನ ಮನೆಯಲ್ಲಿ ಯಾರೊಂದಿಗೂ ಮಾತಾಡಲಿಲ್ಲ, ಗಂಟಲು ಉಳಿಸಿಕೊಳ್ಳಬೇಕಂತೆ. ಬಿಸಿನೀರು ಬೇಕೆಂದರೆ ಕೈಯಲ್ಲಿ ಹೇಳುತ್ತಿದ್ದರು. ಅಮ್ಮನಿಗೆ ಆ ಮೂರು ದಿನ ಬಹಳ ನೆಮ್ಮದಿಯಾಗಿತ್ತು.

ಜಗಳ ಶುರುವಾದದ್ದು ಸಾಯುವ ಸೀನಿನಲ್ಲಿ. ನಾನು, ‘ಎರಡು ಸೆಕೆಂಡ್’ ಅಂದೆ.

‘ಎರಡು ಸೆಕೆಂಡಲ್ಲಿ ಯಾವ ನನ್ಮಗ ಸತ್ತವ್ನೆ ನಾಟ್ಕದಲ್ಲಿ?’ ಅಂದರು ಮೇಷ್ಟ್ರು. ‘ಬಾಣ ಬಿಟ್ಟು, ಬಿದ್ದು, ಎದ್ದು, ನೆನಪು ಮಾಡ್ಕೊಂಡು, ಹಾಡಿ... ಅರ್ಧ ಗಂಟೆ ಬೇಕು ತಾಯಿ.’

‘ಕಾನೂನಿನಲ್ಲಿ ಕಡಿಮೆ ಅಂದ್ರೂ ಎರಡು ಸೆಕೆಂಡ್ ಅಂತ ಇದೆ,’ ಅಂದೆ.

‘ಕಡ್ಮೆ ಅಂದ್ರೂ ಅಂತ ತಾನೇ? ಜಾಸ್ತಿ ಆದ್ರೆ ತಪ್ಪಿಲ್ವಲ್ಲ.’

ನಿಜವೇ. ಹೊಗೆ ಬಿಸಿಯಲ್ಲಿ ಹೆಚ್ಚು ಹೊತ್ತು ನಿಂತರೆ ಒಳ್ಳೆಯದೇ. ನಾನು ಸೋತೆ. ಅಪ್ಪ ಮೂಲೆಯಲ್ಲಿ ಕೂತು ಮೀಸೆಯಡಿ ನಗುತ್ತಿದ್ದರು. ಅವರ ಸಾವಿನ ಹಾಡು ಹೀಗಿತ್ತು: ‘ಬೆಂಕಿಯೊಳು ಹುಟ್ಟಿದೆನೋ, ಬೆಂಕಿಗೇ ಬಲಿಯಾದೆನೋ, ಅರೆ ಬೆಂದ ಕಸವೇ ನನ್ನ ಹೆತ್ತ ತಾಯೇ.’ ರಿಹರ್ಸಲ್ಲಿನಲ್ಲಿ ಇದನ್ನು ಕೇಳಿ ಬೆಂಕಿರಾಯನೇ ಕಣ್ಣೊರೆಸಿಕೊಂಡ.

ಆದರೆ ಇನ್ನೊಂದು ವಿಷಯದಲ್ಲಿ ನಾನು ಹಟ ಬಿಡಲಿಲ್ಲ. ಡಯಾಕ್ಸಿನ್ ಬಗ್ಗೆ ಭಯ ಹುಟ್ಟಿಸುವ ಸಂಗತಿ ಒಂದಿದೆ. ಆ ಕಾವಿನಲ್ಲಿ ಅವನು ಚೂರುಚೂರಾಗಿ ಹೋಗುತ್ತಾನೆ, ನಿಜ. ಆದರೆ ಆ ಹೊಗೆ ನಿಧಾನವಾಗಿ ತಣ್ಣಗಾದರೆ ಚೂರುಗಳೆಲ್ಲ ಸೇರಿ ಮತ್ತೆ ಅವನೇ ಆಗಿ ಎದ್ದು ಕೂರುತ್ತಾನೆ. ಅದಕ್ಕೇ ಬಿಸಿ ಹೊಗೆಯ ಮೇಲೆ ತಟ್ಟನೆ ತಣ್ಣೀರು ಚಿಮುಕಿಸಿ ಇಳಿಸಬೇಕು. ಅವನಿಗೆ ಯೋಚಿಸಲೂ ಪುರುಸೊತ್ತು ಕೊಡಬಾರದು. ಇದು ಜನಕ್ಕೆ ಅರ್ಥವಾದರೆ ಉಳಿದಿದ್ದೆಲ್ಲ ಅರ್ಥವಾದಂತೆ. ಹಾಗಾಗಿ ಸತ್ತ ಡಯಾಕ್ಸಿನ್ ವೇದಿಕೆ ಮೇಲೆ ಏಳಕೂಡದು ಅಂದೆ.

ಅಪ್ಪ ಮೌನ ಮುರಿದರು. ‘ಒನ್ಸ್ ಮೋರ್ ಬಂದ್ರೆ?’

‘ಬಂದ್ರೂ ಏಳಂಗಿಲ್ಲಪ್ಪ. ನೀವು ಎದ್ರೆ ನಾನು ಹೇಳಿದ್ದೆಲ್ಲ ಸುಳ್ಳಾಗುತ್ತೆ.’

ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಆದರೂ ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೇಷ್ಟ್ರು ಮಾತ್ರ ಅಪ್ಪನ ಕಡೆ ನೋಡಿ ಕಣ್ಣು ಹೊಡೆದು, ‘ಬರ್ಲಿ ಬುಡಿ, ಆಗ ನೋಡಾಣ’ ಅಂದರು.

ನಾಟಕದ ದಿನ ಮಧ್ಯಾಹ್ನ ಸ್ಕೂಲ್ ಮೈದಾನದಲ್ಲಿ ಶಾಮಿಯಾನ. ಊರಿಗೆ ಊರೇ ಬಂದಿತ್ತು. ಗೂಳೂರಿನಿಂದ ನೆಂಟರನ್ನು ಕರೆಸಿಕೊಂಡವರೂ ಇದ್ದರು. ಮುಂದಿನ ಸಾಲಿನಲ್ಲಿ ಯಜಮಾನರು, ಅವರ ಪಕ್ಕ ಮ್ಯಾನೇಜರು, ಅವರ ಪಕ್ಕ ಚಾಪೆ ಹಾಸಿಕೊಂಡು ಅಮ್ಮ. ಬಿಸಿಲಿಗೆ ಬಣ್ಣವೆಲ್ಲ ಕರಗಿ ಬೆಂಕಿರಾಯ ಮೇಕಪ್ಪಿಲ್ಲದೆಯೇ ಬೆಂಕಿಯಂತೆ ಕಾಣುತ್ತಿದ್ದ.

ನಾನು ಮೈಕ್ ಹಿಡಿದುಕೊಂಡು ಪಕ್ಕದಲ್ಲಿ ನಿಂತು ಸೀನಿಗೊಂದು ವಿವರಣೆ ಕೊಡುತ್ತಿದ್ದೆ. ಧೂಳಿನ ಪಾತ್ರದವನು ಹೊಗೆ ಸೋಸುವ ಬಟ್ಟೆಯ ಚೀಲದೊಳಗೆ ಸಿಕ್ಕಿಕೊಂಡು ಒದ್ದಾಡಿದಾಗ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಸಾರಿಗೆ ನೀರು ಬೆರೆಸುವ ಸೀನು ಬಂದಾಗ ನಗು ಇನ್ನೂ ಜೋರಾಯಿತು. ಒಬ್ಬಾಕೆ ಎದ್ದು ತನ್ನ ನಾದಿನಿಯನ್ನು ತೋರಿಸಿ ‘ಇವ್ಳು ಹಿಂಗೇ ಮಾಡೋದು’ ಅಂದಳು. ಡಯಾಕ್ಸಿನ್ ಅಳತೆಯನ್ನು ವರ್ಷಕ್ಕೊಂದು ಸಲ ಹೊರಗಿನ ಲ್ಯಾಬಿನವರು ಬಂದು ಮಾಡುತ್ತಾರೆ ಅಂದಾಗ ಯಜಮಾನರು ಕೈ ಎತ್ತಿದರು.

‘ಬಾಕಿ ದಿನ?’

ನಾಟಕ ನಿಂತಿತು. ನಾನು ಇದ್ದದ್ದನ್ನು ಹೇಳಿದೆ. ‘ಬಾಕಿ ದಿನ ಅವನನ್ನ ನೇರವಾಗಿ ಅಳೆಯಕ್ಕಾಗಲ್ಲ ಯಜಮಾನ್ರೇ. ಒಲೆ ಕಾವು ಇಳೀದಂಗೆ ನೋಡ್ಕೋಬೇಕು. ಗೇಟಿನ ಬೋರ್ಡಿನಲ್ಲಿ ಆ ಕಾವೂ ಬರುತ್ತೆ. ಅದು ಕೆಳಗೆ ಇಳಿದಿದ್ದು ಕಂಡ್ರೆ ಬಂದು ಕೇಳಿ.’

‘ಕೇಳ್ತೀವಿ,’ ಅಂದರು ಅವರು. ‘ಇನ್ನೊಂದು. ನಾವು ತಿಪ್ಪೇಲಿ ಹಳೇ ಪೈಪು, ವೈರು ಸುಡ್ತೀವಲ್ಲ, ಅದ್ಕೆ ಎಷ್ಟು ಮಿತಿ?’

‘ಅದಕ್ಕೆ ಮಿತಿಯೇ ಇಲ್ಲ. ಸುಡಲೇಬಾರದು. ಅಲ್ಲಿ ಇವನು ಆರಾಮಾಗಿ ಹುಟ್ತಾನೆ.’

ಅಪ್ಪ ಅಲ್ಲೇ ಇದ್ದವರು, ಎದೆ ಮುಟ್ಟಿಕೊಂಡು ಹೌದು ಎಂಬಂತೆ ತಲೆ ಆಡಿಸಿದರು. ಯಜಮಾನರು ಹಿಂದೆ ತಿರುಗಿ ಊರವರನ್ನೆಲ್ಲ ಒಂದು ಸಲ ನೋಡಿದರು. ಕೆಲವರು ತಲೆ ಬಗ್ಗಿಸಿದರು. ನಾಟಕ ಮುಂದುವರಿಯಿತು.

ಕೊನೆಗೆ ಬಂತು ಅಪ್ಪನ ಸಾವು. ಅದನ್ನು ಹೇಗೆ ಹೇಳಲಿ? ಆ ಸೀಳು ದನಿ, ಬಸ್ಸಿನ ಹಿಂಬಾಗಿಲಿನಿಂದ ಮುಂಬಾಗಿಲಿನವರೆಗೆ ಕೇಳಿಸಲೆಂದೇ ದುಡಿದು ಹರಿದುಹೋದ ದನಿ, ಅದು ಆ ಮೈದಾನದಲ್ಲಿ ಏರಿತು. ನನ್ನ ಅಪ್ಪ ಅನ್ನುವುದೇ ಮರೆತುಹೋಯಿತು. ‘ಹೆತ್ತ ತಾಯೇ’ ಅನ್ನುವ ಕಡೆ ಅವರು ಮಂಡಿಯೂರಿ, ಒಂದು ಕೈ ನೆಲಕ್ಕೂರಿ, ಮೆಲ್ಲಗೆ ಉರುಳಿದರು. ವೈರಿಂಗಿನವನು ಓಡಿಬಂದು ಬಿಂದಿಗೆಯಿಂದ ಒಂದು ಬೊಗಸೆ ನೀರು ಚಿಮುಕಿಸಿ, ಬಿಂದಿಗೆ ಅಲ್ಲೇ ಇಟ್ಟು, ಟೀ ಕುಡಿಯಲು ಹೋದ. ‘ಹೀಗೆ ತಟ್ಟನೆ ತಣ್ಣಗಾಗದಿದ್ದರೆ ಇವನು ಎದ್ದು ಮತ್ತೆ ವಿಷವಾಗುತ್ತಾನೆ’ ಅಂತ ನಾನು ಮೈಕಿನಲ್ಲಿ ಹೇಳಿದೆ. ಎಲ್ಲ ನಾನು ಬರೆದ ಹಾಗೆಯೇ ಆಯಿತು.

ಪರದೆ ಬೀಳಲಿಲ್ಲ. ಪರದೆ ಎಳೆಯುವವನು ಹಗ್ಗ ಹಿಡಿದು ಕಾಯುತ್ತಿದ್ದ. ಇಂಥ ಹಾಡಿಗೆ ಒನ್ಸ್ ಮೋರ್ ಬಾರದೆ ಇರದು ಅಂತ ಅವನಿಗೆ ಗೊತ್ತು. ಮೇಷ್ಟ್ರೂ ಹಾರ್ಮೋನಿಯಂ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು. ಊರೆಲ್ಲ ಯಜಮಾನರ ಮುಖ ನೋಡಿತು.

ಯಜಮಾನರ ಕೈ ಅರ್ಧ ಮೇಲೆದ್ದಿತ್ತು. ಬಾಯಿ ತೆರೆದಿತ್ತು. ಅಲ್ಲಿಗೇ ನಿಂತರು. ಹಿಂದೆ ತಿರುಗಿ, ‘ಯಾರೂ ಕೂಗ್ಬ್ಯಾಡ್ರಪ್ಪೋ. ಮೇಡಮ್ಮು ಏನಂದ್ರು? ಎದ್ರೆ ಮತ್ತೆ ವಿಷ. ಮಕ್ಳುಮರಿ ಇರೋ ಊರು’ ಅಂದರು.

ಇಡೀ ಮೈದಾನ ಬಾಯಿ ಮುಚ್ಚಿಕೊಂಡಿತು. ನಾನು ಹೇಳಿದ್ದು ಅವರಿಗೆ ಅರ್ಥವಾಗಿತ್ತು, ಒಂದು ಅಕ್ಷರವೂ ಬಿಡದೆ ಅರ್ಥವಾಗಿತ್ತು. ಮ್ಯಾನೇಜರು ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದರು. ನನ್ನ ಕೆಲಸದಲ್ಲಿ ಇಂಥ ಗೆಲುವು ಇನ್ನೊಂದು ಸಿಕ್ಕಿಲ್ಲ.

ಆದರೆ ನಾನು ನಿಂತ ಜಾಗದಿಂದ ಅಪ್ಪ ಕಾಣುತ್ತಿದ್ದರು. ಅಂಗಾತ ಬಿದ್ದಿದ್ದರು. ಜನರ ಕಡೆಗಿದ್ದ ಕಣ್ಣು ಮುಚ್ಚಿತ್ತು, ನನ್ನ ಕಡೆಗಿದ್ದ ಕಣ್ಣು ತೆರೆದಿತ್ತು. ತೊಡೆಯ ಪಕ್ಕ ಒಂದು ಬೆರಳು ತಾಳ ಹಾಕುತ್ತಿತ್ತು, ಯಾವ ಕ್ಷಣದಲ್ಲಿ ಕರೆದರೂ ಎದ್ದು ಹಾಡಲು ಸಿದ್ಧವಾಗಿ. ಅವರಿಗೆ ಏಳಬೇಡಿ ಅಂದವಳು ನಾನು. ಅವರು ಎದ್ದಿರಲಿಲ್ಲ. ಕೇಳಿಸಿದರೆ ಸಾಕು ಅಂತ ಕಾಯುತ್ತಿದ್ದರು, ಅಷ್ಟೇ.

ಕಾನೂನು ಹಾಳಾಗಿ ಹೋಗಲಿ ಅನ್ನಿಸಿತು. ಮೈಕನ್ನು ಬಾಯಿಗೆ ಹಿಡಿದು, ‘ಒನ್ಸ್ ಮೋರ್’ ಅಂದೆ.

ಒಬ್ಬರೂ ದನಿಗೂಡಿಸಲಿಲ್ಲ. ಯಜಮಾನರು ಬೆರಳು ತುಟಿಗಿಟ್ಟು, ‘ಮೇಡಮ್ಮು ಪರೀಕ್ಷೆ ಮಾಡ್ತಾವ್ರೆ. ಮೋಸ ಹೋಗ್ಬ್ಯಾಡಿ’ ಅಂದರು. ಜನ ಇನ್ನೂ ಗಟ್ಟಿಯಾಗಿ ತುಟಿ ಕಚ್ಚಿಕೊಂಡರು. ಮತ್ತೊಮ್ಮೆ ಅಂದೆ. ಒಬ್ಬ ಹುಡುಗಿ ತಲೆ ಅಲ್ಲಾಡಿಸಿ, ಇಲ್ಲ ಟೀಚರ್, ನಮಗೆ ಗೊತ್ತು ಎಂಬಂತೆ ನಕ್ಕಳು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಪರದೆಯವನು ಹಗ್ಗ ಸಡಿಲಿಸತೊಡಗಿದ.

ಆಗ ಅಮ್ಮ ಎದ್ದಳು. ಎದ್ದದ್ದು ನೋಡಿ, ಮುಗಿಯಿತು, ಇನ್ನು ಚಾಪೆ ಸುತ್ತುತ್ತಾಳೆ ಅಂದುಕೊಂಡೆ. ಅವಳು ಸುತ್ತಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ವೇದಿಕೆಗೆ ಬಂದಳು. ವೈರಿಂಗಿನವನು ಬಿಟ್ಟುಹೋಗಿದ್ದ ಬಿಂದಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಿದ್ದಿದ್ದ ಗಂಡನ ತಲೆಯ ಹತ್ತಿರ ನಿಂತಳು. ಅವಳಿಗೆ ಮೈಕು ಬೇಕಿರಲಿಲ್ಲ.

‘ತಣ್ಣೀರು ನನ್ ಕೈಲೈತೆ,’ ಅಂದಳು. ‘ಇವ್ರು ಎದ್ದು ಹಾಡ್ಲಿ. ಹಾಡಿ ಬಿದ್ದ ತಕ್ಷಣ ನಾನು ಸುರೀತೀನಿ, ನಿಧಾನ ಮಾಡಲ್ಲ. ವಿಷ ಗಿಷ ಏನೂ ಆಗಲ್ಲ, ಅದ್ಕೆ ನಾನು ಗ್ಯಾರಂಟಿ. ಈಗ ಕೂಗ್ರಿ.’ ಅಂದು, ಯಾರೂ ಕೂಗುವುದಕ್ಕೆ ಕಾಯದೆ, ಗಂಡನನ್ನೇ ನೋಡುತ್ತ, ತಾನೇ ‘ಒನ್ಸ್ ಮೋರ್’ ಅಂದಳು.

ಯಜಮಾನರು ಬಿಂದಿಗೆ ನೋಡಿದರು. ಅಮ್ಮನ ಮುಖ ನೋಡಿದರು. ನನ್ನ ಕಡೆ ತಿರುಗಿ, ‘ತಣ್ಣೀರು ರೆಡಿ ಇದ್ರೆ ಪರ್ವಾಗಿಲ್ಲ ಅಲ್ವಾ ಮೇಡಮ್ಮೋರೆ?’ ಅಂದರು.

‘ಪರವಾಗಿಲ್ಲ,’ ಅಂದೆ. ‘ತಣ್ಣೀರು ಇಟ್ಟಿರೋದೇ ಅದಕ್ಕೆ.’

ಆಮೇಲೆ ಬಂದ ಸದ್ದಿಗೆ ಶಾಮಿಯಾನದ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು. ಯಜಮಾನರು ಮೊದಲು, ಊರು ಆಮೇಲೆ, ಕೊನೆಗೆ ಏನೂ ತಿಳಿಯದ ನಮ್ಮ ಮ್ಯಾನೇಜರೂ ಎದ್ದು ನಿಂತು ‘ಒನ್ಸ್ ಮೋರ್’ ಅಂದರು. ಅಪ್ಪ ಎದ್ದರು. ಮೈ ಕೊಡವಿಕೊಂಡರು. ಮೊದಲ ಸಾಲಿಗೇ ದನಿ ಕಟ್ಟಿತು, ನಿಂತರು, ಮೇಷ್ಟ್ರು ಹಾರ್ಮೋನಿಯಂನಲ್ಲಿ ಅದೇ ಸಾಲನ್ನು ಇನ್ನೊಮ್ಮೆ ಕೊಟ್ಟು ಕೈ ಹಿಡಿದರು. ಆಮೇಲೆ ಹಾಡಿದರು ನೋಡಿ. ಬೆಂಕಿರಾಯ ಕತ್ತಿ ಕೆಳಗಿಟ್ಟು ಕೇಳುತ್ತ ಕೂತ. ಹಾಡು ಮುಗಿದು ಉರುಳುತ್ತಿದ್ದಂತೆ, ಅಮ್ಮ ಕೊಟ್ಟ ಮಾತು ತಪ್ಪದೆ, ಇಡೀ ಬಿಂದಿಗೆಯನ್ನು ಅವರ ತಲೆಯ ಮೇಲೆ ಕವುಚಿದಳು. ಮೀಸೆಯ ಕಪ್ಪು ಗಲ್ಲಕ್ಕೆ, ಗಲ್ಲದಿಂದ ಜರಿ ಅಂಗಿಗೆ ಹರಿಯಿತು. ಡಯಾಕ್ಸಿನ್ ಬಾಯಿ ತುಂಬ ನೀರು ಕುಡಿದು ಸತ್ತ.

ಜನ ಮತ್ತೆ ಕೂಗಿದರು. ಅಮ್ಮ ಖಾಲಿ ಬಿಂದಿಗೆಯನ್ನು ಬೋರಲು ಹಿಡಿದು ತೋರಿಸಿ, ‘ನೀರು ಮುಗೀತು, ಇನ್ನಿಲ್ಲ’ ಅಂದಳು. ಊರು ಒಪ್ಪಿ ಸುಮ್ಮನಾಯಿತು. ನೀರಿಲ್ಲದೆ ಎಬ್ಬಿಸಬಾರದು ಅನ್ನುವುದು ಅವರಿಗೆ ಈಗ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು. ನಾನು ಜೀವನದಲ್ಲಿ ಮೊದಲ ಸಲ ಒಂದು ನಾಟಕದ ಕೊನೆಯನ್ನು ನೋಡಿದೆ.

ಸಂಜೆ ತುಮಕೂರಿನ ಬಸ್ಸಿನಲ್ಲಿ ಅಪ್ಪ ಕಿಟಕಿ ಪಕ್ಕ ಒದ್ದೆ ತಲೆಯಲ್ಲಿ ಕೂತಿದ್ದರು. ಕಂಡಕ್ಟರ್ ಬಂದು ಚೀಟಿ ಕೊಡುವಾಗ ಅವನ ಕಡೆ ನೋಡಲೂ ಇಲ್ಲ, ಅದು ಅವರ ಮಟ್ಟಿಗೆ ದೊಡ್ಡ ವಿಷಯ. ಯಾರನ್ನು ಅಂತಿಲ್ಲದೆ, ಬಿರಿದುಹೋದ ಗಂಟಲಿನಲ್ಲಿ ಕೇಳಿದರು.

‘ಕೇಳಿಸ್ತಾ, ಒನ್ಸ್ ಮೋರ್ ಅಂದ್ರಲ್ಲ?’

ಮಡಿಲಲ್ಲಿ ಚಾಪೆ ಇಟ್ಟುಕೊಂಡಿದ್ದ ಅಮ್ಮ ತನ್ನ ಸೆರಗಿನಿಂದ ಅವರ ಕಿವಿಯ ಹಿಂದೆ ಉಳಿದಿದ್ದ ಬಣ್ಣ ಒರೆಸಿದಳು.

‘ಮೊದ್ಲು ಕೂಗಿದ್ದೇ ನಾನು. ನಂಗೆ ಕೇಳಿಸ್ದೆ ಇರ್ತದಾ?’

ಮೊದಲು ಕೂಗಿದ್ದು ನಾನು. ಎರಡು ಸಲ, ಮೈಕಿನಲ್ಲಿ. ಆದರೆ ನಾನು ಬಾಯಿ ಬಿಡಲಿಲ್ಲ.